ನೆಲಕ್ಕೆ ಕಿವಿಯಿಟ್ಟವಳು

ನನ್ನ ಕಿವಿಯ ಬಗ್ಗೆ ಊರಿನಲ್ಲಿ ದೊಡ್ಡ ಮಾತಿತ್ತು. ಆರಡಿ ಆಳದಲ್ಲಿ ಪೈಪಿಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ನೀರಣ್ಣನಿಗೆ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ನೀರಣ್ಣ ಎಂದರೆ ನಾನೇ. ಪುರಸಭೆಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿ ಮೂವತ್ತನಾಲ್ಕು ವರ್ಷವಾಗಿ, ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾವ ಬೀದಿಯ ಕೆಳಗೆ ಯಾವ ಪೈಪು ಹೋಗಿದೆ, ಯಾವ ವಾಲ್ವು ಯಾವ ಕಲ್ಲುಚಪ್ಪಡಿಯಡಿ ಅಡಗಿ ಕೂತಿದೆ ಎನ್ನುವುದಕ್ಕೆ ನಮ್ಮಲ್ಲಿ ನಕ್ಷೆ ಇರಲಿಲ್ಲ. ಇದ್ದ ಒಂದನ್ನು ಕಚೇರಿಯ ಇಲಿಗಳು ತಿಂದು ಮುಗಿಸಿದ್ದವು. ಅಲ್ಲಿಂದ ನಾನೇ ನಕ್ಷೆ.

ಸೋರಿಕೆ ಹುಡುಕುವ ಕೆಲಸ ಹೀಗೆ. ಬೆಳಗ್ಗೆ ಮೊದಲ ಬಸ್ಸು ಹೊರಡುವ ಮುಂಚೆ, ಊರಿನ್ನೂ ಆಕಳಿಸುತ್ತಿರುವಾಗ, ಉದ್ದನೆಯ ಕಬ್ಬಿಣದ ಸರಳೊಂದನ್ನು ಪೈಪು ಹೋಗಿರುವ ಜಾಗದಲ್ಲಿ ನೆಲಕ್ಕೆ ಊರಬೇಕು. ಬಗ್ಗಿ ಅದರ ಮೇಲ್ತುದಿಗೆ ಕಿವಿ ಒತ್ತಬೇಕು. ಪೈಪು ಸರಿಯಿದ್ದರೆ ನೆಲ ಸುಮ್ಮನಿರುತ್ತದೆ. ಸೋರುತ್ತಿದ್ದರೆ ಸಣ್ಣಗೆ ಸುಯ್ ಎನ್ನುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ಊರುತ್ತ ಹೋಗಿ, ಸದ್ದು ಎಲ್ಲಿ ಜೋರಾಗಿದೆಯೋ ಅಲ್ಲಿ ಸುಣ್ಣದ ಗುರುತು ಹಾಕಿದರೆ ಅಗೆಯುವವರು ಬಂದು ಅಗೆಯುತ್ತಾರೆ. ಇಷ್ಟೇ ವಿದ್ಯೆ. ಆದರೆ ಅದಕ್ಕೆ ಕಿವಿ ಬೇಕು.

ನನ್ನ ಕಿವಿ ಹೋಗಿ ಮೂರು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ. ಎದುರು ನಿಂತು ಮಾತಾಡಿದವರನ್ನು ಅರ್ಧ ಕಿವಿಯಿಂದ, ಇನ್ನರ್ಧ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದೆ. ಬೆನ್ನ ಹಿಂದೆ ಬಸ್ಸು ಬಂದರೂ ಗೊತ್ತಾಗುತ್ತಿರಲಿಲ್ಲ. ಸರಳಿನ ತುದಿಯ ಆ ಸಣ್ಣ ಸುಯ್ ಅಂತೂ ಎಂದೋ ನನ್ನ ಕೈಬಿಟ್ಟಿತ್ತು. ಇದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. "ಡಾಕ್ಟರ್ ಹತ್ರ ಹೋಗೋಣ ಬನ್ನಿ" ಎಂದು ಅವಳು ಅಂದಾಗಲೆಲ್ಲ ಅದೊಂದು ಕೇಳಿಸದವನ ಹಾಗೆ ನಾನು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಹೇಳಿಕೊಳ್ಳಲು ಭಯವೂ ಇತ್ತು, ಜಂಬವೂ ಇತ್ತು. ನಿಜ ಹೇಳಬೇಕೆಂದರೆ ಜಂಬವೇ ಹೆಚ್ಚು. ಈ ಊರಿನಲ್ಲಿ ನನಗೆ ಕಿವಿ ಬಿಟ್ಟರೆ ಹೆಸರು ತಂದುಕೊಡುವಂಥದ್ದು ಬೇರೇನೂ ಇರಲಿಲ್ಲ.

ಎರಡು ವರ್ಷದ ಹಿಂದೆ ಅಂಗಡಿ ಬೀದಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ದೂರು ಬಂತು. ನಾನು ಸರಳು ಹಿಡಿದು ಹೋದೆ. ಅಲ್ಲೊಂದು ಕಡೆ, ಇಲ್ಲೊಂದು ಕಡೆ ಊರಿದೆ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ತಲೆಯಾಡಿಸಿದೆ. ಕೊನೆಗೆ ಕ್ಷೌರದಂಗಡಿಯ ಮುಂದೆ ಧೈರ್ಯವಾಗಿ ಸುಣ್ಣ ಹಾಕಿದೆ. ಅಗೆಯುವವರು ಎದೆಮಟ್ಟ ಇಳಿದರು. ಗುಂಡಿಯ ತಳದಲ್ಲಿ ಮಣ್ಣು ಹುರಿದ ಹಿಟ್ಟಿನಷ್ಟು ಒಣಗಿತ್ತು. ಕ್ಷೌರದವನು ಬಾಗಿಲಲ್ಲಿ ನಿಂತು, "ಏನ್ ನೀರಣ್ಣ, ನಮ್ಮ ಅಂಗಡಿ ಮುಂದೆ ಬಾವಿ ತೋಡ್ತಿದ್ದೀಯಾ?" ಎಂದ. ನಾನೂ ನಕ್ಕೆ. ಆದರೆ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

ಅಗೆಯುವವರು ಚಹಾ ಕುಡಿಯಲು ಹೋದಾಗ ಎದುರಿನ ಮೆಟ್ಟಿಲಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಅದು ಬಹಳ ದಿನದಿಂದ ಬಾಗಿಲು ಹಾಕಿದ್ದ ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲು. ಅವಳು ಅಲ್ಲೇ ಮಲಗುತ್ತಿದ್ದಳು, ಅಲ್ಲೇ ಕೂರುತ್ತಿದ್ದಳು. ಊರು ಅವಳಿಗೆ ಮೆಟ್ಟಿಲಮ್ಮ ಎಂದು ಹೆಸರಿಟ್ಟು, ಅಷ್ಟಕ್ಕೇ ಅವಳ ಋಣ ತೀರಿತು ಎಂದುಕೊಂಡಿತ್ತು. ಐವತ್ತೈದು ದಾಟಿರಬಹುದು. ಸೀರೆ ಹಳೆಯದು, ಆದರೆ ತಲೆ ಬಾಚಿರುತ್ತಿತ್ತು.

ಅವಳು ನನ್ನ ಎದುರಿಗೆ ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದಳು. "ಅಣ್ಣ, ನೀರು ಅಲ್ಲಿಲ್ಲ. ಇಲ್ಲಿದೆ, ನನ್ನ ತಲೆದಿಂಬಿನ ಕೆಳಗೆ. ಹತ್ತು ದಿನ ಆಯ್ತು. ಹಾಲು ಉಕ್ಕೋಕೆ ಮುಂಚೆ ಒಂದು ಸದ್ದು ಬರುತ್ತಲ್ಲ, ಹಾಗೇ ಆಗ್ತಾ ಇದೆ."

ಅಷ್ಟು ಹೇಳಿ ಅವಳು ನನ್ನ ಕಣ್ಣನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, ತುಟಿಯನ್ನು ಮಾತ್ರ ದೊಡ್ಡದಾಗಿ ಆಡಿಸಿ ಕೇಳಿದಳು: "ನಿಮಗೆ ಕೇಳಿಸಲ್ಲ, ಅಲ್ವಾ?"

ಒಂದು ವರ್ಷ ಇಡೀ ಪುರಸಭೆಯ ಕಣ್ಣಿಗೆ ಮಣ್ಣೆರಚಿದವನು ಒಂದೇ ನಿಮಿಷದಲ್ಲಿ ಸಿಕ್ಕಿಬಿದ್ದಿದ್ದೆ. ಏನಾದರೂ ಗದರಿಸೋಣವೆಂದು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿ, "ನಾನ್ಯಾಕೆ ಯಾರಿಗಾದ್ರೂ ಹೇಳಲಿ" ಎಂದು ವಾಪಸು ಹೋಗಿ ತನ್ನ ಚಾಪೆ ಸುತ್ತಿ ಬದಿಗಿಟ್ಟಳು. ಅಗೆಯುವವರು ಬಂದ ಮೇಲೆ, ನಾನು ಮತ್ತೊಮ್ಮೆ ಸರಳಿಗೆ ಕಿವಿಯಿಟ್ಟ ನಾಟಕ ಆಡಿ, ಮೂರನೇ ಮೆಟ್ಟಿಲ ಪಕ್ಕದಲ್ಲಿ ಸುಣ್ಣ ಹಾಕಿದೆ. ಎರಡಡಿ ಇಳಿಯುವಷ್ಟರಲ್ಲಿ ನೀರು ಚಿಮ್ಮಿ ಕ್ಷೌರದವನ ಕನ್ನಡಿಯವರೆಗೂ ಹಾರಿತು.

ಅಲ್ಲಿಂದ ಅವಳ ಕಿವಿ, ನನ್ನ ಹೆಸರು ಎಂದಾಯಿತು. ಬೆಳಗಿನ ಹೊತ್ತು ನಾನು ಸರಳು ಹಿಡಿದು ಮುಂದೆ ಹೋಗುತ್ತಿದ್ದೆ. ಅವಳು ಹತ್ತು ಹೆಜ್ಜೆ ಹಿಂದೆ, ಸಂಬಂಧವೇ ಇಲ್ಲದವಳ ಹಾಗೆ, ಬರಿಗಾಲಲ್ಲಿ, ಅಂಗಾಲಿನಿಂದಲೇ ನೆಲವನ್ನು ಆಲಿಸುತ್ತ ಬರುತ್ತಿದ್ದಳು. ಸದ್ದು ಇರುವ ಕಡೆ ಅವಳು ಸೆರಗಿನ ಗಂಟು ಬಿಚ್ಚಿ ಕಟ್ಟುತ್ತಾ ನಿಲ್ಲುವಳು. ಅದೇ ನಮ್ಮ ಗುರುತು. ಅದಕ್ಕೆ ಬದಲಾಗಿ ನಾನು ಪಂಪ್‌ಹೌಸಿನ ಹಿಂದಿನ ನಲ್ಲಿಯಲ್ಲಿ ಅವಳು ಸ್ನಾನ ಮಾಡಲು ಬೀಗ ತೆಗೆದುಕೊಡುತ್ತಿದ್ದೆ. ನನ್ನ ಹೆಂಡತಿ ನನ್ನ ಊಟದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ಕಳಿಸುತ್ತಿದ್ದಳು. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ನನಗೆ ಒಳಗೊಳಗೇ ತೃಪ್ತಿ ಬೇರೆ. ಯಾರ ಉಪಕಾರ ಯಾರ ಮೇಲಿತ್ತು ಎಂದು ಯೋಚಿಸುವ ಗೋಜಿಗೆ ಹೋಗಿರಲಿಲ್ಲ.

ಅವಳ ಕತೆ ಚೂರುಚೂರಾಗಿ ಗೊತ್ತಾಯಿತು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಗುಂಡಿ ಹಾಕಿದ್ದಾಳೆ. ಕಣ್ಣು ಮಂಜಾಯಿತು, ಕೆಲಸ ಹೋಯಿತು. ಗಂಡ ತೀರಿಕೊಂಡ ಮೇಲೆ ಇದ್ದ ಬಾಡಿಗೆ ಕೋಣೆಯೂ ಹೋಯಿತು. ತಮ್ಮನ ಮನೆಯಲ್ಲಿ ಎರಡು ತಿಂಗಳಿದ್ದಳು. "ಅವರೇನೂ ಹೊರಗೆ ಹಾಕಲಿಲ್ಲ ಅಣ್ಣ. ನಾನು ಕೂತ ಕಡೆಯೆಲ್ಲ ಅವರಿಗೆ ಗುಡಿಸೋ ಕೆಲಸ ಇರ್ತಿತ್ತು, ಅಷ್ಟೆ" ಎಂದಿದ್ದಳು.

ಈ ಬೇಸಿಗೆಯಲ್ಲಿ ಊರಿಗೆ ದೊಡ್ಡ ಕುತ್ತು ಬಂತು. ಎಷ್ಟು ಪಂಪು ಓಡಿಸಿದರೂ ಟ್ಯಾಂಕು ತುಂಬುತ್ತಿರಲಿಲ್ಲ. ಮೂರು ದಿನಕ್ಕೊಮ್ಮೆ ನೀರು ಬಿಟ್ಟೆವು. ಆಮೇಲೆ ಐದು ದಿನಕ್ಕೊಮ್ಮೆ. ನಮ್ಮ ಎಂಜಿನಿಯರಮ್ಮ, ಹೊಸದಾಗಿ ಬಂದ ಚುರುಕು ಹುಡುಗಿ, ದೊಡ್ಡ ನಗರದಿಂದ ಸೋರಿಕೆ ಹಿಡಿಯುವ ಯಂತ್ರ ತರಿಸಿದಳು. ಅದು ಲಾರಿ ಹೋದರೂ ಕೂಗುತ್ತಿತ್ತು, ನಾಯಿ ಬೊಗಳಿದರೂ ಕೂಗುತ್ತಿತ್ತು. ಜನ ಕೊಡ ಹಿಡಿದು ಕಚೇರಿ ಮುಂದೆ ಕೂತರು. ಮೆಟ್ಟಿಲಮ್ಮ ನಾಲ್ಕು ಬೆಳಗು ಊರೆಲ್ಲ ನಡೆದಳು. ಕಾಲಿನಿಂದ, ಆಮೇಲೆ ಕೈಯಿಂದ, ಕೊನೆಗೆ ಕೆನ್ನೆಯನ್ನೇ ನೆಲಕ್ಕೊತ್ತಿ ಕೇಳಿದಳು. ಐದನೆಯ ದಿನ ಶಾಲೆಯ ಗೋಡೆಯ ಹತ್ತಿರ ಸೆರಗಿನ ಗಂಟು ಬಿಚ್ಚಿದಳು. ಅಗೆದರೆ, ದೊಡ್ಡ ಪೈಪಿನ ಜೋಡಣೆಯೇ ಕಳಚಿ, ಸಿಹಿನೀರು ಹಳೆಯ ಚರಂಡಿಗೆ ಹೊಳೆಯಾಗಿ ಹರಿದುಹೋಗುತ್ತಿತ್ತು. ಮೇಲೆ ಒಂದು ಹನಿ ಪಸೆ ಇರಲಿಲ್ಲ.

ಪತ್ರಿಕೆಯವನು ಬಂದು ಗುಂಡಿಯ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದ. ಮೆಟ್ಟಿಲಮ್ಮ ಕೆನ್ನೆಗೆ ಮಣ್ಣು ಮೆತ್ತಿಕೊಂಡು ಅಲ್ಲೇ ನಿಂತಿದ್ದಳು. "ಸ್ವಲ್ಪ ಪಕ್ಕಕ್ಕೆ ಹೋಗಮ್ಮ, ಫ್ರೇಮಿನಲ್ಲಿ ಬರ್ತೀಯ" ಎಂದ ಅವನು. ಅವಳು ಹೋದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಕ್ಯಾಮೆರಾ ನೋಡಿ ನಕ್ಕೆ. ಆ ನಗು ಈಗಲೂ ನಮ್ಮ ಮನೆಯ ಗೋಡೆಯಲ್ಲಿದೆ, ನೋಡಿದರೆ ಕೆನ್ನೆಗೆ ಬಾರಿಸಬೇಕೆನಿಸುತ್ತದೆ.

ನೀರು ಬಂತು, ಊರು ತಣ್ಣಗಾಯಿತು. ತಣ್ಣಗಾದ ಮೇಲೆ ಊರಿಗೆ ಬೇರೆ ಬೇರೆ ವಿಷಯ ಕಣ್ಣಿಗೆ ಬೀಳತೊಡಗಿದವು. ಹೊಸ ಬಸ್‌ಸ್ಟ್ಯಾಂಡ್ ತೆರೆಯುವುದಿತ್ತು. ಬೀದಿಯಲ್ಲಿ ಮಲಗುವವರು ಒಟ್ಟು ಆರು ಜನ. ಮೆಟ್ಟಿಲಮ್ಮ, ಕಾಗದ ಆಯುವ ಮುದುಕ, ಮುಚ್ಚಿದ ಸಿನಿಮಾ ಮಂದಿರದ ಜಗಲಿಯಲ್ಲಿ ಒಬ್ಬ ತಾಯಿ ಮತ್ತು ಅವಳ ಚಿಕ್ಕ ಮಗಳು, ತನ್ನಷ್ಟಕ್ಕೆ ತಾನೇ ಜಗಳವಾಡುವ ಒಬ್ಬ, ಕಾಲು ಮುರಿದು ಕೆಲಸ ಬಿಟ್ಟ ಒಬ್ಬ ಗಾರೆಯವನು. ಆರು ಜನಕ್ಕೆ ಊರು ಎಷ್ಟು ಸಭೆ ಮಾಡಿತೆಂದರೆ, ಆ ಸಭೆಗಳಿಗೆ ಹಾಕಿದ ಕುರ್ಚಿಗಳನ್ನು ಜೋಡಿಸಿದ್ದರೆ ಅಷ್ಟೂ ಜನ ಆರಾಮಾಗಿ ಮಲಗಬಹುದಿತ್ತು.

ನಮ್ಮ ಪುರಸಭೆಯ ಅಧ್ಯಕ್ಷರು ಕೆಟ್ಟವರಲ್ಲ. ಊರು ಒರೆಸಿದ ಕನ್ನಡಿಯ ಹಾಗಿರಬೇಕೆಂದು ಅವರಿಗೆ ಆಸೆ. ಅವರೇ ನನಗೆ ಹೇಳಿದರು. "ಶುಕ್ರವಾರ ವ್ಯಾನು ಬರುತ್ತೆ ನೀರಣ್ಣ. ಆರು ಜನಾನೂ ದೊಡ್ಡ ನಗರದ ಆಶ್ರಯ ಕೇಂದ್ರಕ್ಕೆ ಬಿಟ್ಟು ಬರೋದು. ಅಲ್ಲಿ ಎಲ್ಲ ಸೌಕರ್ಯ ಇದೆಯಂತೆ. ಮಂಗಳವಾರದ ಸಭೇಲಿ ಠರಾವು ಮಾಡ್ತೀವಿ. ಹಾಗೇ, ನೀನು ಇನ್ನೆರಡು ತಿಂಗಳಲ್ಲಿ ನಿವೃತ್ತಿ ಆಗ್ತೀಯಲ್ಲ, ಅದೇ ಸಭೇಲಿ ನಿನಗೊಂದು ಸನ್ಮಾನ."

ನಾನು ಮೆಟ್ಟಿಲಮ್ಮನಿಗೆ ಹೇಳಿದೆ. ಅವಳು ಚಾಪೆಯ ಅಂಚು ನೇವರಿಸುತ್ತ ಕೂತಿದ್ದಳು.

"ಒಂದು ಸಲ ಕರ್ಕೊಂಡು ಹೋಗಿದ್ರು ಅಣ್ಣ, ಬೇರೆ ಊರಿಂದ. ಗೇಟಿನ ಹೊರಗೆ ಇಳಿಸಿ ವ್ಯಾನು ಹೊರಟುಹೋಯ್ತು. ಒಳಗಿನವರು ವಿಳಾಸದ ಕಾಗದ ತಗೊಂಡು ಬಾ ಅಂದ್ರು. ವಿಳಾಸ ಇದ್ದಿದ್ರೆ ನಾನ್ಯಾಕೆ ಅಲ್ಲಿಗೆ ಹೋಗ್ತಿದ್ದೆ? ಆ ಗಲಾಟೇಲಿ ನನ್ನ ಚೀಲಾನೂ ಹೋಯ್ತು, ಅದರಲ್ಲಿ ಅವರ ಒಂದು ಫೋಟೋ ಇತ್ತು." ಅವರು ಎಂದರೆ ಗಂಡ. "ಅಲ್ಲಿ ಯಾವ ಬೀದಿ ಯಾರದ್ದು ಅಂತ ಗೊತ್ತಾಗಲ್ಲ. ಹೆಂಗಸಾದವಳು ಕಣ್ಣು ಮುಚ್ಚೋ ಹಾಗಿಲ್ಲ. ಇಲ್ಲಿ ನಾನು ನಿದ್ದೆ ಮಾಡ್ತೀನಿ ಅಣ್ಣ."

ನಿದ್ದೆ ಮಾಡ್ತೀನಿ ಎಂಬ ಮಾತನ್ನು ಅವಳು ಇನ್ನೊಬ್ಬರು ಮನೆ ಕಟ್ಟಿಸಿದ್ದೇನೆ ಎನ್ನುವ ಹಾಗೆ ಹೇಳಿದಳು. ನನ್ನನ್ನು ಕಾಪಾಡು ಎಂದು ಅವಳು ಕೇಳಲೇ ಇಲ್ಲ. ಕೇಳಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟು, ನನ್ನ ಎದುರಿಗೆ ಬಂದು ನಿಂತಳು. ಮುಖ್ಯವಾದದ್ದು ಹೇಳುವಾಗ ಹೀಗೇ ನಿಲ್ಲುವುದು ಅವಳ ಅಭ್ಯಾಸ.

"ಎರಡು ವರ್ಷ ಅವಳು ನಿಮ್ಮ ಗುಟ್ಟು ಹೊಟ್ಟೇಲಿ ಇಟ್ಕೊಂಡ್ಳು. ಚಹಾ ಅಂಗಡೀಲಿ ಒಂದು ಮಾತು ಬಿಟ್ಟಿದ್ರೆ ನಿಮ್ಮ ಕತೆ ಅವತ್ತೇ ಮುಗೀತಿತ್ತು. ನೀವು ಅವಳ ವಿಷಯ ಎಲ್ಲಿಟ್ಟಿದ್ದೀರಿ ರೀ?"

"ಇನ್ನು ಎರಡೇ ತಿಂಗಳು ಕಣೇ. ಮರ್ಯಾದೆಯಿಂದ ಮನೆಗೆ ಬಂದುಬಿಡ್ತೀನಿ."

"ಬನ್ನಿ. ಅವಳು ಎಲ್ಲಿಗೆ ಬರಬೇಕು?"

ಮಂಗಳವಾರ ಸಂಜೆ ಪುರಸಭೆಯ ಸಭಾಂಗಣದಲ್ಲಿ ಇನ್ನೂರು ಜನ ಸೇರಿದ್ದರು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದರು. ಸನ್ಮಾನಕ್ಕೆಂದು ಮರದ ಹಲಗೆಯ ಮೇಲೆ ಕೂರಿಸಿದ ಹಿತ್ತಾಳೆಯ ನಲ್ಲಿಯೊಂದನ್ನು ತಂದಿದ್ದರು. ತಿರುಗಿಸಿದರೆ ತಿರುಗುತ್ತಿತ್ತು. ಮೂವತ್ತನಾಲ್ಕು ವರ್ಷ ನಲ್ಲಿ ನೋಡಿ ಬೇಸತ್ತವನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾರಿಗೂ ಹೊಳೆದಿರಲಿಲ್ಲ. ಅಧ್ಯಕ್ಷರು ಮೈಕಿನಲ್ಲಿ, ಇಂಥ ಕಿವಿ ಊರಿನ ಆಸ್ತಿ ಎಂದರು. ಜನ ಚಪ್ಪಾಳೆ ತಟ್ಟಿದರು. ಎರಡು ಮಾತು ಆಡು ಎಂದು ನನ್ನನ್ನು ಎಬ್ಬಿಸಿದರು. ನನ್ನ ಮಾತಿನ ನಂತರ ಠರಾವು.

ಹೆಂಡತಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

"ಈ ಕಿವಿ ನಂದಲ್ಲ" ಎಂದೆ. "ನನಗೆ ಮೂರು ವರ್ಷದಿಂದ ಸರಿಯಾಗಿ ಕೇಳಿಸಲ್ಲ. ಸೋರಿಕೆ ಎಲ್ಲ ಹುಡುಕಿದ್ದು ಮೆಟ್ಟಿಲಮ್ಮ. ಶಾಲೆ ಹತ್ರದ್ದೂ ಅವಳೇ."

ಸಭೆ ಗೊಳ್ಳೆಂದು ನಕ್ಕಿತು. ನಗು ನನಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಕಾಣಿಸಿತು. ನಾನು ಜೀವಮಾನವೆಲ್ಲ ತಮಾಷೆ ಮಾಡಿಕೊಂಡು ತಿರುಗಿದವನು, ಇವತ್ತು ಅದರ ಫಲ ಉಣ್ಣುತ್ತಿದ್ದೆ. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ನೋಡಿ, ಎಂಥಾ ವಿನಯ! ಪಾಪದವರ ಮೇಲೆ ಎಂಥಾ ಕರುಣೆ!" ಎಂದರು. ಮತ್ತೆ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿದಾಗ ಮೂರು ವರ್ಷ ನಂಬಿದ ಜನ, ನಿಜ ಹೇಳಿದರೆ ನಂಬುತ್ತಿಲ್ಲವಲ್ಲ.

"ಸರಿ" ಎಂದೆ. "ನಾನೀಗ ಗೋಡೆ ಕಡೆ ತಿರುಗಿ ನಿಲ್ತೀನಿ. ನನ್ನನ್ನ ಕರೀರಿ. ಯಾರಾದ್ರೂ ಕರೀರಿ, ಹೇಗಾದ್ರೂ ಕರೀರಿ, ಮೈಕ್ ಮಾತ್ರ ಬೇಡ. ನಾನು ತಿರುಗಿ ನೋಡಿದ್ರೆ ಆ ನಲ್ಲಿ ನನ್ನದು. ತಿರುಗದಿದ್ರೆ ಅವಳದ್ದು."

ಹೇಳಿ ಜನಕ್ಕೆ ಬೆನ್ನು ಹಾಕಿದೆ.

ನನ್ನ ಮುಂದೆ ಹಸಿರು ಬಳಿದ ಗೋಡೆ. ಅದರಲ್ಲೊಂದು ಮೊಳೆ, ಮೊಳೆಯ ಕೆಳಗೆ ಹಿಂದೊಮ್ಮೆ ಕ್ಯಾಲೆಂಡರ್ ಇದ್ದ ಗುರುತು. ಹಿಂದೆ ಏನೂ ಇಲ್ಲ. ಹತ್ತಿ ತುಂಬಿದ ಹಾಗೆ, ಅಷ್ಟೆ. ಯಾರಾದರೂ ಕರೆಯುತ್ತಿದ್ದಾರೋ, ನಗುತ್ತಿದ್ದಾರೋ, ಎದ್ದು ಮನೆಗೆ ಹೋದರೋ ಒಂದೂ ಗೊತ್ತಾಗಲಿಲ್ಲ. ತಿರುಗಿ ನೋಡುವ ಆಸೆ ಕುತ್ತಿಗೆಯನ್ನು ಹಿಡಿದು ಎಳೆಯುತ್ತಿತ್ತು. ನೋಡಿದರೆ ಅವಳು ವ್ಯಾನು ಹತ್ತಬೇಕು. ಮೊಳೆಯನ್ನೇ ನೋಡುತ್ತ ನಿಂತೆ. ನಾನು ಮುದುಕನಾಗಿದ್ದೇನೆ ಎನ್ನುವುದು ಆ ಗೋಡೆಯೆದುರು ನನಗೆ ಮೊದಲ ಸಲ ಅರ್ಥವಾಯಿತು.

ಆ ಹೊತ್ತಿನಲ್ಲಿ ಏನಾಯಿತೆಂದು ಎಂಜಿನಿಯರಮ್ಮ ಆಮೇಲೆ ಹೇಳಿದಳು. ಮೊದಲು ಅಧ್ಯಕ್ಷರು ಕರೆದರಂತೆ. ಆಮೇಲೆ ಕ್ಷೌರದವನು ಎದ್ದು, "ಲೋ ಕಿವುಡಾ" ಎಂದು ಕೂಗಿ ತಾನೇ ನಕ್ಕನಂತೆ. ಅವನ ಜೊತೆ ಯಾರೂ ನಗಲಿಲ್ಲವಂತೆ. ಮತ್ತಿಬ್ಬರು ಮೂವರು ಕರೆದರು. ನನ್ನ ಬೆನ್ನು ಅಲುಗಲಿಲ್ಲ. ಆಗ ನನ್ನ ಹೆಂಡತಿ ಎದ್ದು ನಿಂತಳು. ನಮ್ಮ ಮನೆಯ ನಾಲ್ಕು ಗೋಡೆಯೊಳಗೆ ಅವಳು ನನ್ನನ್ನು ಕರೆಯುವ ಹೆಸರೊಂದಿದೆ. ಮಕ್ಕಳಿಗೂ ಗೊತ್ತಿಲ್ಲ. ಇನ್ನೂರು ಜನರ ಮುಂದೆ ಅವಳು ಆ ಹೆಸರು ಹಿಡಿದು, ಸಾಕು ಬನ್ನಿ ಎಂದು ಕರೆದಳಂತೆ. ನಾನು ಹಾಗೆ ನಿಂತದ್ದನ್ನು ನೋಡಲು ಅವಳಿಗೆ ಆಗಲಿಲ್ಲವೇನೋ. ನಾನು ಅದಕ್ಕೂ ತಿರುಗಲಿಲ್ಲ. ಅವಳು ಮುಖಕ್ಕೆ ಸೆರಗು ಮುಚ್ಚಿ ಕೂತಳಂತೆ. ಇವತ್ತು ಕೇಳಿದರೆ, "ನಾನ್ಯಾಕೆ ಕರೀಲಿ, ನನಗೇನು ಹುಚ್ಚಾ?" ಎನ್ನುತ್ತಾಳೆ.

ನನ್ನ ಭುಜದ ಮೇಲೆ ಕೈ ಬಿತ್ತು. ಅಧ್ಯಕ್ಷರು. ಅವರ ಮುಖದಲ್ಲಿ ನಗುವಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲಯ್ಯಾ?" ಎಂದರು. ಅದನ್ನು ತುಟಿ ನೋಡಿ ಓದಿದೆ.

ಠರಾವು ಬದಲಾಯಿತು. ಎಂಜಿನಿಯರಮ್ಮ ಎದ್ದು, ಮೆಟ್ಟಿಲಮ್ಮನಂಥವಳು ನಮಗೆ ಬೇಕೇ ಬೇಕು, ಪಂಪ್‌ಹೌಸಿನಲ್ಲಿ ಮೂರು ಕೋಣೆ ಖಾಲಿ ಬಿದ್ದಿವೆ, ಒಂದನ್ನು ಅವಳಿಗೆ ಕೊಡೋಣ ಎಂದಳು. ಪಂಪು ಹಗಲು ರಾತ್ರಿ ಕಾಯುವವರು ಇದ್ದ ಕಾಲದಲ್ಲಿ ಕಟ್ಟಿದ ಕೋಣೆಗಳು ಅವು. ಈಗ ಪಂಪು ತಾನೇ ಶುರುವಾಗಿ ತಾನೇ ನಿಲ್ಲುತ್ತದೆ. ಎಲ್ಲರೂ ಕೈಯೆತ್ತಿದರು. ಉಳಿದ ಐವರಿಗೆ ಶುಕ್ರವಾರದ ವ್ಯಾನು ಎಂದೂ ಅದೇ ಕೈಗಳೇ ಒಪ್ಪಿದವು. ನನಗೆ ಆಗ ಅದು ಎದ್ದು ಕಾಣಲಿಲ್ಲ. ಗೆದ್ದ ಖುಷಿಯಲ್ಲಿದ್ದೆ.

ಬುಧವಾರ ಬೆಳಗ್ಗೆ ನಲ್ಲಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದೆ. ಅವಳು ನಲ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೆರಡು ಸಲ ತಿರುಗಿಸಿ ನೋಡಿದಳು. ಕೋಣೆಯ ಮಾತು ಬಂದಾಗ ಅವಳ ಕಣ್ಣು ತುಂಬಿತು.

"ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ ಅಣ್ಣ?"

"ಇದೆ."

ಅವಳು ನಲ್ಲಿಯನ್ನು ಚಾಪೆಯ ಮೇಲಿಟ್ಟಳು. ಆಮೇಲೆ ನಾನು ತುಟಿ ಓದುವ ಹಾಗೆ ಮುಖ ಎತ್ತಿ ಕೇಳಿದಳು.

"ನನಗೇನೋ ನೀರಿನ ಸದ್ದು ಕೇಳಿಸ್ತು, ಕೋಣೆ ಸಿಕ್ತು. ಸಿನಿಮಾ ಜಗಲಿ ಮೇಲಿನ ಆ ಮಗು ಏನು ಕೇಳಿಸ್ಕೋಬೇಕು ಅಣ್ಣ?"

ಕೋಪದ ದನಿ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು ತಲೆ ಕೆರೆದುಕೊಂಡೆ. ಕೇಳಿಸಲಿಲ್ಲ ಎಂದು ಜಾರಿಕೊಳ್ಳಬಹುದಿತ್ತು, ಈಗಂತೂ ಅದಕ್ಕೆ ಇನ್ನೂರು ಜನ ಸಾಕ್ಷಿ ಇದ್ದರು. ಆದರೆ ಕೇಳಿಸಿಬಿಟ್ಟಿತ್ತು. ಮನೆಗೆ ಹೋದರೂ, ಉಣ್ಣಲು ಕೂತರೂ ಅದೇ ಮಾತು. ನನ್ನ ಮಾತಿಗೆ ಬೆಲೆ ಬಂದದ್ದು ಅವಳು ಪ್ರಯೋಜನಕ್ಕೆ ಬರುವವಳಾದ್ದರಿಂದ. ಪ್ರಯೋಜನಕ್ಕೆ ಬರದಿದ್ದರೆ? ಎರಡು ತಿಂಗಳಾದ ಮೇಲೆ ನಾನೇ ಯಾವ ಪ್ರಯೋಜನಕ್ಕೆ?

ಉಳಿದೆರಡು ಕೋಣೆಯನ್ನೂ ಆ ಐವರಿಗೆ ಕೊಡಿ ಎಂದು ಅಧ್ಯಕ್ಷರನ್ನು ಕೇಳಿದೆ. "ಒಬ್ಬಳಿಗೆ ಕೊಟ್ಟೆವಲ್ಲ ನೀರಣ್ಣ, ಬೆರಳು ಕೊಟ್ಟರೆ ಹಸ್ತಾನೇ ನುಂಗ್ತೀಯಲ್ಲ" ಎಂದು ಫೈಲಿನತ್ತ ತಿರುಗಿದರು.

ನನ್ನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿದೆ. ನಿವೃತ್ತಿಯ ದಿನ ಒಪ್ಪಿಸಬೇಕು, ಅಲ್ಲಿಯವರೆಗೆ ನನ್ನದು. ಪಂಪ್‌ಹೌಸಿನ ಮೂರೂ ಕೋಣೆಯ ಕೈ ಅದರಲ್ಲಿತ್ತು. ಗುರುವಾರ ಸಂಜೆ ಹೋಗಿ ಮೂರನ್ನೂ ತೆಗೆದೆ. ಒಂದರಲ್ಲಿ ಮುರಿದ ಕುರ್ಚಿ, ಹರಿದ ಬ್ಯಾನರು. ಇನ್ನೊಂದರಲ್ಲಿ ಬಣ್ಣದ ಖಾಲಿ ಡಬ್ಬ. ಮೂರನೆಯದರಲ್ಲಿ ನೆಲದಿಂದ ಕಿಟಕಿಯವರೆಗೆ ಹಳೆಯ ಕಬ್ಬಿಣದ ಪೈಪು. ಹೆಂಡತಿ ಪೊರಕೆ ಹಿಡಿದು, ಸೆರಗು ಸಿಕ್ಕಿಸಿಕೊಂಡು ಬಂದಳು. ಕತ್ತಲಾಗುವ ಮುಂಚೆ ಎರಡು ಕೋಣೆ ಖಾಲಿಯಾದವು. ಮೆಟ್ಟಿಲಮ್ಮ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆತಂದಳು. ತನ್ನಷ್ಟಕ್ಕೆ ಜಗಳವಾಡುವವನು ಮಾತ್ರ ಬಾಗಿಲಲ್ಲೇ ನಿಂತ. ಗೋಡೆಯೊಳಗೆ ಮಲಗಿ ಎಷ್ಟು ವರ್ಷವಾಗಿತ್ತೋ. ಅವನಿಗೆ ಹೊರಗಿನ ಜಗಲಿಯನ್ನೇ ಬಿಟ್ಟುಕೊಟ್ಟೆವು.

ಶುಕ್ರವಾರ ಒಂಬತ್ತಕ್ಕೆ ವ್ಯಾನು ಬೀದಿ ಬೀದಿ ಸುತ್ತಿ, ಒಬ್ಬರೂ ಸಿಗದೆ, ಕೊನೆಗೆ ಪಂಪ್‌ಹೌಸಿಗೆ ಬಂತು. ಹಿಂದೆ ಅಧ್ಯಕ್ಷರ ಕಾರು. ನಾನು ಮೂರನೇ ಕೋಣೆಯ ಪೈಪುಗಳನ್ನು ಎಳೆಯುತ್ತಿದ್ದೆ. ಅಧ್ಯಕ್ಷರು ಇಳಿದವರೇ ಶುರು ಮಾಡಿದರು. ಕೈ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು. ನಾನು ಅವರಿಗೆ ಬೆನ್ನು ಹಾಕಿ ಪೈಪು ಎಳೆದೆ. ಅವರು ಈ ಬದಿಗೆ ಬಂದರು. ನಾನು ಆ ಬದಿಗೆ ತಿರುಗಿದೆ.

"ನನಗೆ ಕೇಳಿಸಲ್ಲ ಸ್ವಾಮಿ" ಎಂದೆ. "ಮಂಗಳವಾರ ತಾವೇ ಪರೀಕ್ಷೆ ಮಾಡಿದ್ರಲ್ಲ."

ಹಾಗೆನ್ನುತ್ತ ಉದ್ದನೆಯದೊಂದನ್ನು ಜಗ್ಗಿದೆ. ಅದು ಇಬ್ಬರು ಹೊರುವ ಪೈಪು. ಒಂದು ತುದಿ ನನ್ನ ಕೈಗೆ ಬಂತು, ಇನ್ನೊಂದು ತುದಿ ಹೊಸ್ತಿಲ ಮೇಲೆ ಜಾರಿ ನೇರ ಅಧ್ಯಕ್ಷರ ಕಾಲಿನತ್ತ ಹೊರಟಿತು. ಹಿಡಿಯದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದರು. ಬಿಳಿ ಶರ್ಟಿಗೆ ಉದ್ದಕ್ಕೂ ತುಕ್ಕು ಹತ್ತಿತು. ನಾವಿಬ್ಬರೂ ಪೈಪಿನ ಎರಡು ತುದಿ ಹಿಡಿದು ಹಾಗೇ ನಿಂತೆವು. ವ್ಯಾನಿನ ಡ್ರೈವರು ಬಾಗಿಲು ತೆರೆದುಕೊಂಡು ನಮ್ಮನ್ನೇ ನೋಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಆ ಮಗು ಇನ್ನೂ ಮಲಗಿತ್ತು. ಅಧ್ಯಕ್ಷರು ಕಿಟಕಿಯೊಳಗೆ ಇಣುಕಿದರು. ಮಗು ಬಾಯಿ ತೆರೆದು, ಕೈಕಾಲು ಚಾಚಿ, ಕೋಣೆಯೆಲ್ಲ ತನ್ನದೇ ಎನ್ನುವಂತೆ ನಿದ್ದೆ ಮಾಡುತ್ತಿತ್ತು. ಅವರು ಬಹಳ ಹೊತ್ತು ನೋಡಿದರು.

ಆಮೇಲೆ ನನಗೆ ಬೆನ್ನು ತಿರುಗಿಸಿ, ಪೈಪಿನ ತುದಿ ಹೆಗಲಿಗೇರಿಸಿಕೊಂಡು, ಮುಂದೆ ನಡೆಯುತ್ತ ಏನೋ ಅಂದರು. ಅವರ ತುಟಿ ನನಗೆ ಕಾಣಲಿಲ್ಲ. ಬೈದರೋ, ವ್ಯಾನಿನವನನ್ನು ಕರೆದರೋ ತಿಳಿಯದೆ ಗಾಬರಿಯಿಂದ ಮೆಟ್ಟಿಲಮ್ಮನ ಕಡೆ ನೋಡಿದೆ.

ಅವಳು ಓಡಿ ಬಂದು ನನ್ನ ಎದುರಿಗೆ ಮುಖ ಕೊಟ್ಟು ನಿಂತಳು.

"ಇದನ್ನ ಎಲ್ಲಿ ಇಡಬೇಕು ಅಂತ ಕೇಳ್ತಿದ್ದಾರೆ ಅಣ್ಣ."